ಕೊನೆಯ ಕ್ಲೋರಿನ್

ಒಂದೇ ಮನೆಯ ಇಬ್ಬರು ಸೊಸೆಯರು ಒಂದೇ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರೆ ಹೋಲಿಕೆಗೆ ಬಿಡುವೇ ಇರುವುದಿಲ್ಲ. ಮುಚ್ಚಿಹೋದ ಲೋಹದ ಕಾರ್ಖಾನೆಯ ಅಂಗಳದಲ್ಲಿ ಉತ್ತರದ ಕೊಳವೆಬಾವಿಯನ್ನು ಶುದ್ಧಿ ಮಾಡುವ ಹೊಣೆ ಹಿರಿಸೊಸೆಯದು, ದಕ್ಷಿಣದ್ದು ಕಿರಿಸೊಸೆಯದು. ಬಿಡಿಭಾಗಗಳ ಜಿಡ್ಡು ತೆಗೆಯಲು ಬಳಸಿದ ದ್ರಾವಕ ವರ್ಷಗಟ್ಟಲೆ ನೆಲಕ್ಕಿಳಿದು ಎರಡರ ನೀರನ್ನೂ ಕೆಡಿಸಿತ್ತು. ಇಬ್ಬರೂ ಕಾಕಂಬಿ ಸುರಿದು ಆಳದ ಸೂಕ್ಷ್ಮಜೀವಿಗಳನ್ನು ಸಾಕುತ್ತಿದ್ದರು. ಗಾಳಿಯಾಡದ ಆ ಕತ್ತಲಲ್ಲಿ ಅವು ದ್ರಾವಕದ ಕ್ಲೋರಿನ್‌ಗಳನ್ನು ಒಂದೊಂದಾಗಿ ಕಿತ್ತುಹಾಕುತ್ತಿದ್ದವು.

ಹಿರಿಯಳ ಬಾವಿಯಲ್ಲಿ ಮೂರು ವರ್ಷಕ್ಕೆ ದ್ರಾವಕವೇನೋ ಇಳಿಯಿತು. ಕೊನೆಯ ಕ್ಲೋರಿನ್ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಹಾಗೆ ಅರ್ಧಕ್ಕೆ ನಿಂತ ವಿನೈಲ್ ಕ್ಲೋರೈಡ್ ಮೊದಲಿನ ದ್ರಾವಕಕ್ಕಿಂತ ಕೆಟ್ಟ ವಿಷ. ಕಿರಿಯಳದು ಒಂದೇ ವರ್ಷದಲ್ಲಿ ನಿರುಪದ್ರವಿ ಎಥಿಲೀನ್‌ವರೆಗೆ ತಲುಪಿತ್ತು. ಅತ್ತೆಗೆ ಇದರಲ್ಲಿ ಒಂದಕ್ಷರ ಅರ್ಥವಾಗದಿದ್ದರೂ, ಎಲ್ಲ ಚಿಕ್ಕವಳ ಕೈಗುಣ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಹಿರಿಯಳು ಓರಗಿತ್ತಿಯ ಮಾದರಿ ಶೀಶೆಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿದಳು. ಒಳಗೆ ಗಾಳಿಗುಳ್ಳೆ ಇದ್ದರೆ ನೀರಿನ ವಿಷ ಅದಕ್ಕೆ ಸೇರಿಕೊಂಡು ಅಂಕಿ ಕಡಿಮೆ ಬರುತ್ತದೆ. ಸಾಸಿವೆಯಷ್ಟಾದರೂ ಸಿಗಲಿ ಎಂದು ಹಂಬಲಿಸಿದಳು. ಹನ್ನೆರಡರಲ್ಲಿ ಒಂದರಲ್ಲೂ ಇರಲಿಲ್ಲ. ಶೀಶೆಗಳನ್ನು ಇದ್ದ ಹಾಗೇ ಮರಳಿ ಜೋಡಿಸಿಟ್ಟಳು.

ಮುಂದಿನ ಪರೀಕ್ಷೆಯಲ್ಲೂ ಅಂಕಿ ಇಳಿಯದಿದ್ದರೆ ಉತ್ತರದ ಬಾವಿಯನ್ನೂ ಕಿರಿಯಳಿಗೇ ವಹಿಸುವುದಾಗಿ ಮೇಲ್ವಿಚಾರಕರು ಹೇಳಿದ್ದರು. ಮದ್ದು ಹಿರಿಯಳಿಗೆ ಗೊತ್ತಿಲ್ಲದ್ದೇನಲ್ಲ. ಕೊನೆಯ ಕ್ಲೋರಿನ್ ಕೀಳುವ ಜೀವಿ ತನ್ನ ಬಾವಿಯಲ್ಲಿ ಇಲ್ಲ, ಓರಗಿತ್ತಿಯ ಬಾವಿಯಲ್ಲಿದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಲ್ಲಿಂದ ಒಂದು ಕ್ಯಾನು ನೀರು ತಂದು ಬಿಟ್ಟರಾಯಿತು. ಆ ಮಾತು ಬಾಯಿಗೆ ಬರಲು ಎಂಟು ತಿಂಗಳು ಹಿಡಿದಿತ್ತು.

“ನಿನ್ನ ಬಾವಿ ನೀರು ಒಂದು ಕ್ಯಾನು ಬೇಕಿತ್ತು,” ಎಂದಳು, ಗೋಡೆಯ ಕಡೆ ನೋಡುತ್ತ.

“ಯಾವಾಗ ಕೇಳ್ತೀರೋ ಅಂತಿದ್ದೆ ಅಕ್ಕ. ಕ್ಯಾನು ಹೋದ ತಿಂಗಳೇ ತೊಳೆದಿಟ್ಟಿದೀನಿ.”

“ಮತ್ತೆ ನೀನೇ ತಂದು ಕೊಡಬಹುದಿತ್ತಲ್ಲ?”

“ಕೊಟ್ಟಿದ್ರೆ ಚೆಲ್ಲಿಬಿಡ್ತಿದ್ರಿ.”

ಸುಳ್ಳಲ್ಲ, ಚೆಲ್ಲುತ್ತಿದ್ದಳು.

ಗಾಳಿ ತಾಗಿದರೆ ಆ ಜೀವಿಗಳು ಉಳಿಯುವುದಿಲ್ಲ. ಹಿರಿಯಳು ಕ್ಯಾನನ್ನು ಕಂಠಮಟ್ಟ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಳ ಬಿಗಿದಳು. ಒಬ್ಬರ ಕೈಗೆ ಆಗದ ಭಾರ. ಇಬ್ಬರೂ ಒಂದೊಂದು ಬದಿ ಹಿಡಿದು ಅಂಗಳ ದಾಟಿದರು. ಉತ್ತರದ ಬಾವಿಯ ಆಳಕ್ಕೆ ನಳಿಕೆ ಇಳಿಸಿ ಆ ನೀರು ಬಿಟ್ಟರು.

ಐದು ತಿಂಗಳಿಗೆ ವಿನೈಲ್ ಕ್ಲೋರೈಡ್ ಮಿತಿಯೊಳಗೆ ಇಳಿಯಿತು. ಬಾವಿ ಅವಳ ಕೈಯಲ್ಲೇ ಉಳಿಯಿತು. ವರದಿಯನ್ನು ಅವಳು ದುಂಡಗೆ ಬರೆದಳು. ಜೀವಿಗಳ ಮೂಲ ಎಂಬಲ್ಲಿಗೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ‘ದಕ್ಷಿಣದ ಬಾವಿ’ ಎಂದು ಬರೆದಳು. ಸುಳ್ಳು ಬರೆಯುವ ಪೈಕಿ ಅವಳಲ್ಲ. ಆ ಎರಡು ಪದ ಮಾತ್ರ ಉಳಿದವಕ್ಕಿಂತ ತುಸು ಸಣ್ಣವಾಗಿದ್ದವು.