ತಣ್ಣನೆಯ ಬಾನೆಟ್

ಚಳಿ ಆಗಷ್ಟೇ ಕಾಲಿಟ್ಟಿದ್ದ ವಾರ, ಇನ್ನೂ ಬೆಳಕು ಹರಿಯದ ಹೊತ್ತು. ಅಕ್ಕ ಮತ್ತೊಮ್ಮೆ ಕೀಲಿ ತಿರುಗಿಸಿದಳು. ಗಾಡಿ ಗೊರಗೊರ ಕೆಮ್ಮಿ, ಹಿಂದಿನಿಂದ ಬಿಳಿ ಹೊಗೆ ಉಗುಳಿ ಸುಮ್ಮನಾಯಿತು. ಮಹಡಿಯ ಮನೆಯವರು ಕಿಟಕಿ ತೆರೆದು, "ಏನ್ರೀ, ಸೊಳ್ಳೆಗೆ ಹೊಗೆ ಹಾಕ್ತಿದ್ದೀರಾ?" ಎಂದರು. ಅಕ್ಕ ಮತ್ತೆ ಮತ್ತೆ ಕೀಲಿ ತಿರುಗಿಸಿದಳು. ಬ್ಯಾಟರಿ ಸೋತು ಸೆಲ್ಫ್ ಬರೀ ಕಟಕಟ ಅನ್ನತೊಡಗಿದ ಮೇಲೆ ಇಳಿದು, ಶಾಲು ಬಿಗಿದುಕೊಂಡು ಬೇಕರಿಯ ಕಡೆ ನಡೆದಳು.

ಹೊಸ ಕೆಲಸದ ಮೊದಲ ದಿನ ಅದು. ಇಷ್ಟು ವರ್ಷ ಅವಳು ಅದೇ ಬೇಕರಿಯ ಒಲೆಯ ಮುಂದೆ ನಿಂತವಳು. ಕಾವಿಗೂ ಹಿಟ್ಟಿನ ದೂಳಿಗೂ ಎದೆ ಕಟ್ಟಿ ಉಸಿರೆಳೆಯುವುದೇ ಕಷ್ಟವಾದಾಗ, ಇನ್ನು ಒಲೆಯ ಹತ್ತಿರ ಸುಳಿಯಬೇಡಿ ಎಂದು ಡಾಕ್ಟರು ಹೇಳಿದ್ದರು. ಬೇಕರಿಯ ಯಜಮಾನರು, "ಗಾಡಿ ಒಂದು ಮಾಡ್ಕೊಳ್ಳಿ. ಬೆಳಿಗ್ಗೆ ಆಸ್ಪತ್ರೆಗೆ, ಅಂಗಡಿಗಳಿಗೆ ಬ್ರೆಡ್ ಹಾಕೋ ಕೆಲಸ ನಿಮಗೇ" ಎಂದಿದ್ದರು. ಅದೇ ಹೊತ್ತಿಗೆ ಪಕ್ಕದ ಊರಿನಲ್ಲಿದ್ದ ತಮ್ಮ ತನ್ನ ಹಳೆಯ ಡೀಸೆಲ್ ಕಾರು ಮಾರುತ್ತಿದ್ದ. ಹೊರಗಿನವರದ್ದಾದರೆ ಏನಿದೆಯೋ ಏನಿಲ್ಲವೋ, ಇದು ಒಡಹುಟ್ಟಿದವನ ಗಾಡಿ ಎಂದು ಅಕ್ಕ ಕಣ್ಣು ಮುಚ್ಚಿ ತೆಗೆದುಕೊಂಡಳು.

ಪೂರ್ತಿ ಮುಚ್ಚಿರಲಿಲ್ಲ ಅನ್ನಿ. ನೋಡಲು ಹೋದಾಗ ಬಾನೆಟ್ಟಿನ ಮೇಲೆ ಕೈಯಿಟ್ಟಿದ್ದಳು. ಆಗ ತಾನೇ ಒಲೆಯಿಂದ ತೆಗೆದ ಬ್ರೆಡ್ಡಿನಂತೆ ಬೆಚ್ಚಗಿತ್ತು. "ನೀನು ಬರ್ತೀಯ ಅಂತ ತೊಳೆದು, ಒಂದು ಸುತ್ತು ಹಾಕ್ಕೊಂಡು ಬಂದೆ ಅಕ್ಕ" ಎಂದಿದ್ದ ತಮ್ಮ. ಇನ್ನೊಂದು ಸಲ ಹೋದಾಗಲೂ ಹಾಗೇ ಬೆಚ್ಚಗಿತ್ತು. ಅಕ್ಕ ಬರುವಳೆಂದು ಎಷ್ಟು ಆಸ್ಥೆಯಿಂದ ಸಿದ್ಧ ಮಾಡಿಟ್ಟಿದ್ದಾನೆ ಎಂದು ಅವಳ ಮನಸ್ಸು ತುಂಬಿ ಬಂದಿತ್ತು.

ಗಾಡಿ ಏಳದ ಆ ಮೊದಲ ದಿನ ಬೇಕರಿಯ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದ ತಳ್ಳುಗಾಡಿಗೆ ಟ್ರೇಗಳನ್ನು ಹೇರಿ ತಳ್ಳಿದಳು. ಏರಿನಲ್ಲಿ ನಿಂತು ನಿಂತು ಉಸಿರು ತಂದುಕೊಂಡಳು. ಆಸ್ಪತ್ರೆ ಮುಟ್ಟುವಾಗ ರೋಗಿಗಳು ಬರೀ ಚಹಾ ಕುಡಿದು ಮುಗಿಸಿದ್ದರು.

"ಹೀಗೆ ಎಷ್ಟು ದಿನ ನಡೆಯುತ್ತೆ ಹೇಳಿ" ಎಂದರು ಯಜಮಾನರು. "ಮುಂದಿನ ಶನಿವಾರದ ತನಕ ನೋಡ್ತೀನಿ. ಆಮೇಲೆ ಬೇರೆಯವರಿಗೆ ಹೇಳ್ಬೇಕಾಗುತ್ತೆ."

"ಅಷ್ಟು ಸಾಕು" ಎಂದಳು ಅಕ್ಕ.

ಗ್ಯಾರೇಜಿನವನನ್ನು ಎಲ್ಲರೂ ಮೌನಿ ಎಂದು ಕರೆಯುತ್ತಿದ್ದರು, ಬಾಯಿಗೆ ಬೀಗವೇ ಇಲ್ಲದವನಾದ್ದರಿಂದ. ಬಂದವನೇ ತನ್ನ ಸೊಂಟನೋವು, ಭಾವಮೈದುನನ ಗೊರಕೆ, ಎಲ್ಲವನ್ನೂ ಹೇಳುತ್ತ ಬೇರೆ ಬ್ಯಾಟರಿ ಜೋಡಿಸಿ, ಹೇಗೋ ಏಗಿ ಇಂಜಿನ್ ಎಬ್ಬಿಸಿದ. ಆಮೇಲೆ ಆಯಿಲ್ ಹುಯ್ಯುವ ಬಾಯಿಯ ಮುಚ್ಚಳ ತೆಗೆದ. ಹೊಗೆ ಬುಸುಬುಸು ಎಂದು ಉಕ್ಕಿತು. ಇಂಜಿನ್ ಆರಿಸಿ, ಅಳತೆಯ ಕಡ್ಡಿ ಎಳೆದು, ಆಯಿಲನ್ನು ಬೆರಳ ನಡುವೆ ಉಜ್ಜಿ ನೋಡಿದ. ಜೇನಿನಂತೆ ಎಳೆ ಬಂತು.

"ಪಿಸ್ಟನ್ ರಿಂಗ್ ಸವೆದು ಹೋಗಿದೆ ಅಮ್ಮ. ಒಳಗೆ ಒತ್ತಡ ನಿಲ್ತಿಲ್ಲ, ಎಲ್ಲಾ ಈ ಬಾಯಲ್ಲಿ ಉಸಿರು ಬಿಡ್ತಿದೆ. ಗೊತ್ತಾಗಬಾರದು ಅಂತ ಗಟ್ಟಿ ಆಯಿಲ್ ಬೇರೆ ಹುಯ್ದಿದ್ದಾರೆ. ಬಿಸಿ ಇದ್ದಾಗ ಓಡುತ್ತೆ, ಬೆಳಗಿನ ಚಳಿಗೆ ಏಳಲ್ಲ. ತಗೊಳ್ಳೋವಾಗ ಬಾನೆಟ್ ತಣ್ಣಗಿತ್ತಾ?"

"ಬೆಚ್ಚಗಿತ್ತು."

"ಅಲ್ಲೇ ನಿಮ್ಮ ಕಣ್ಣಿಗೆ ಮಣ್ಣೆರಚಿದ್ದು. ಯಾವ ಕಳ್ಳ ಅಮ್ಮ ಇದನ್ನ ನಿಮ್ಮ ತಲೆಗೆ ಕಟ್ಟಿದ್ದು?"

"ನನ್ನ ತಮ್ಮ."

ಮೌನಿ ಅಳತೆಯ ಕಡ್ಡಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಸಾಮಾನು ಎತ್ತಿಕೊಂಡು ಹೋದ.

ಅಕ್ಕ ಅಳಲಿಲ್ಲ, ಶಾಪ ಹಾಕಲಿಲ್ಲ. ತಮ್ಮನಿಗೆ ಫೋನ್ ಮಾಡಿ, "ಈ ಶನಿವಾರ ಸಂಜೆ ಬಂದು ಇಲ್ಲೇ ಮಲಗು" ಎಂದಳು.

"ಯಾಕಕ್ಕ, ಏನಾಯ್ತು?"

"ಬಾ ಅಂದೆ."

ಅಮ್ಮ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಆ ದನಿಗೆ ಅವನು ಎಂದೂ ಎದುರಾಡಿದವನಲ್ಲ. ಬಂದ, ಉಂಡ, ಮಲಗಿದ. ಗಾಡಿಯ ಸುದ್ದಿಯನ್ನು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಭಾನುವಾರ ನಸುಕಿಗೆ ಅಕ್ಕ ಅವನನ್ನು ಅಲುಗಿಸಿ ಎಬ್ಬಿಸಿ, ಅಂಗೈಯಲ್ಲಿ ಕೀಲಿಯಿಟ್ಟಳು. "ಶುರು ಮಾಡು."

ತಾನು ಗಾಡಿಯ ಮುಂದೆ ನಿಂತು ಬಾನೆಟ್ಟಿನ ಮೇಲೆ ಕೈಯಿಟ್ಟಳು. ಕೈ ಜೋಮು ಹಿಡಿಯುವಷ್ಟು ತಣ್ಣಗಿತ್ತು. ತಮ್ಮ ಕೀಲಿ ತಿರುಗಿಸಿದ. ಗಾಡಿ ಕೆಮ್ಮಿತು.

"ಇನ್ನೊಂದು ಸಲ" ಎಂದಳು. ತಿರುಗಿಸಿದ. "ಇನ್ನೊಂದು ಸಲ."

ಕೊನೆಗೆ ಅವನು ಸ್ಟೀರಿಂಗಿಗೆ ಹಣೆ ಹಚ್ಚಿ ಕೂತುಬಿಟ್ಟ.

"ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು ಅಕ್ಕ."

"ಬೇರೆ ಯಾರೂ ಸಿಗಲಿಲ್ವಾ?"

ತಮ್ಮ ತಲೆ ಎತ್ತಲಿಲ್ಲ. "ಬಂದೋರೆಲ್ಲ ಬಾನೆಟ್ ಮುಟ್ಟಿ ನೋಡಿ, ನಾಳೆ ಬೆಳಿಗ್ಗೆ ಬರ್ತೀವಿ, ಅಲ್ಲಿ ತನಕ ಗಾಡಿ ಶುರು ಮಾಡಬೇಡಿ ಅಂತಿದ್ರು. ನೀನೊಬ್ಬಳೇ ಹಾಗನ್ನಲಿಲ್ಲ."

ಅಕ್ಕ ಬಾನೆಟ್ಟಿನಿಂದ ಕೈ ತೆಗೆದು ಶಾಲಿನೊಳಗೆ ಇಟ್ಟುಕೊಂಡಳು.

"ದುಡ್ಡು ವಾಪಸ್ ಕೊಡ್ತೀನಿ ಅಕ್ಕ, ಸ್ವಲ್ಪ ಸ್ವಲ್ಪವಾಗಿ..."

"ದುಡ್ಡು ಇಟ್ಕೊಂಡು ಮತ್ತೆ ಒಲೆ ಮುಂದೆ ಹೋಗಿ ನಿಲ್ಲಲಾ? ನನಗೆ ಗಾಡಿ ಬೇಕು. ಬೆಳಿಗ್ಗೆ ಏಳೋ ಗಾಡಿ. ಅದು ಏಳೋ ತನಕ ನೀನು ಇಲ್ಲಿಂದ ಕದಲೋ ಹಾಗಿಲ್ಲ."

"ಬಟ್ಟೆ ಅಂಗಡೀಲಿ ರಜ ಕೊಡಲ್ಲ ಅಕ್ಕ."

"ಅಕ್ಕನಿಗೆ ಉಸಿರು ಕಟ್ತಿದೆ ಅಂತ ಹೇಳು. ಸುಳ್ಳೇನಲ್ಲ. ಈಗ ಏಳು, ತಳ್ಳುಗಾಡಿ ಕಾಯ್ತಿದೆ."

ಆ ವಾರವೆಲ್ಲ ನಸುಕಿಗೆ ಇಬ್ಬರೂ ಬ್ರೆಡ್ ತಳ್ಳಿದರು, ಏರಿನಲ್ಲಿ ತಮ್ಮನೊಬ್ಬನೇ. ಬೆಳಗಾದ ಮೇಲೆ ಗ್ಯಾರೇಜು. ತೊಳೆಯಲು ಉಜ್ಜಲು ಎರಡು ಜೊತೆ ಕೈ ಸಿಕ್ಕರೆ ಶುಕ್ರವಾರಕ್ಕೆ ಮುಗಿಸುತ್ತೇನೆಂದು ಮೌನಿ ಒಪ್ಪಿಕೊಂಡಿದ್ದ. ಇಸ್ತ್ರಿ ಅಂಗಿ ಬಿಟ್ಟು ಬೇರೆ ತೊಟ್ಟು ಗೊತ್ತಿಲ್ಲದ ತಮ್ಮ ಡೀಸೆಲ್ ತುಂಬಿದ ಬಾಂಡ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಪಿಸ್ಟನ್ ಉಜ್ಜಿದ. ಸವೆದ ರಿಂಗೊಂದನ್ನು ಬೆಳಕಿಗೆ ಹಿಡಿದು, "ಇಷ್ಟೇನಾ?" ಎಂದ.

"ಇಷ್ಟೇ ಸ್ವಾಮಿ" ಎಂದ ಮೌನಿ. "ಇದನ್ನ ಮುಚ್ಚಿಡೋಕೆ ಊರು ಸುತ್ತಿ ಸುತ್ತಿ ಎಷ್ಟು ಡೀಸೆಲ್ ಸುಟ್ರಿ ನೀವು?"

ಮೌನಿ ಮೀಟರಿನ ಹಿಂದೆ ಕೈ ಹಾಕಿದಾಗ ಇನ್ನೊಂದು ಮೋಸ ಸಿಕ್ಕಿತು. ಇಂಜಿನ್ನಿನ ಎಚ್ಚರಿಕೆ ದೀಪದ ವೈರನ್ನು ಯಾರೋ ಕತ್ತರಿಸಿ, ತುದಿಗೆ ಟೇಪು ಸುತ್ತಿದ್ದರು. ತಮ್ಮನ ಮುಖ ಕಪ್ಪಿಟ್ಟಿತು. "ಇದು ನಾನಲ್ಲ ಅಕ್ಕ. ನನಗೆ ಮಾರಿದವನು. ನನಗೂ ಅವನು ಬೆಚ್ಚಗೇ ತೋರಿಸಿದ್ದ."

ಅಕ್ಕ ಅವನನ್ನೇ ನೋಡಿದಳು. ಆಮೇಲೆ, "ಯಾರಾದ್ರೇನು, ಜೋಡಿಸು" ಎಂದಳು.

ಹೊಸ ರಿಂಗುಗಳನ್ನು ತಮ್ಮನೇ ತಂದ. ಎಲ್ಲಿಂದ ತಂದೆ ಎಂದು ಅಕ್ಕ ಕೇಳಲಿಲ್ಲ. ಅವನ ಮಣಿಕಟ್ಟಿನಲ್ಲಿ ವಾಚು ಇದ್ದ ಕಡೆ ಬಿಳಿಯ ಪಟ್ಟಿಯೊಂದು ಉಳಿದಿತ್ತು.

ಶುಕ್ರವಾರ ಸಂಜೆ ಇಂಜಿನ್ ಕೂಡಿತು, ಶುರುವೂ ಆಯಿತು. "ಈಗ ಶುರು ಆಗೋದು ದೊಡ್ಡದಲ್ಲ ಅಮ್ಮ, ಬೆಳಗಿನ ಚಳಿಗೆ ಏಳ್ಬೇಕು" ಎಂದ ಮೌನಿ. ಮನೆಯ ಮುಂದೆ ತಂದು ನಿಲ್ಲಿಸಿ, ಚಳಿಗೆ ಬಿಟ್ಟರು.

ನಸುಕಿನಲ್ಲಿ ಅಕ್ಕ ಬರುವ ಹೊತ್ತಿಗೆ ತಮ್ಮ ಆಗಲೇ ಗಾಡಿಯ ಹತ್ತಿರ ನಿಂತಿದ್ದ. ಅಂಗೈಯನ್ನು ಇಬ್ಬನಿ ಕೂತ ಬಾನೆಟ್ಟಿಗೆ ಒತ್ತಿ ಹಿಡಿದಿದ್ದ.

"ತಣ್ಣಗಿದೆ ಅಕ್ಕ" ಎಂದ. "ನೀನೇ ನೋಡು."

ಅಕ್ಕ ಮುಟ್ಟಿ ನೋಡಲಿಲ್ಲ. ಒಳಗೆ ಕೂತು ಕೀಲಿಯನ್ನು ಅರ್ಧ ತಿರುಗಿಸಿದಳು. ತಮ್ಮ ಜೋಡಿಸಿದ್ದ ಎಚ್ಚರಿಕೆ ದೀಪ ಹೊತ್ತಿತು, ಆರಿತು. ಪೂರ್ತಿ ತಿರುಗಿಸಿದಳು. ಗಾಡಿ ಒಮ್ಮೆ ನಡುಗಿ ಎದ್ದಿತು.

ಮಹಡಿಯ ಕಿಟಕಿ ತೆರೆಯಿತು. "ಏನ್ರೀ, ಇವತ್ತು ಸೊಳ್ಳೆಗೆ ಹೊಗೆ ಇಲ್ವಾ?"

"ಇದ್ದ ಸೊಳ್ಳೆ ಎಲ್ಲ ಹೋದ್ವು" ಎಂದಳು ಅಕ್ಕ.

ಆಸ್ಪತ್ರೆಯ ಕ್ಯಾಂಟೀನಿನವರು ಇನ್ನೂ ಚಹಾಕ್ಕೆ ನೀರಿಡುತ್ತಿದ್ದರು. ಟ್ರೇಗಳನ್ನು ಇಳಿಸಿ, ಅಂಗಡಿಗಳಿಗೆಲ್ಲ ಹಾಕಿ, ಅಕ್ಕ ತಮ್ಮನನ್ನು ಬಸ್ ನಿಲ್ದಾಣಕ್ಕೆ ತಂದು ಬಿಟ್ಟಳು.

"ಬರ್ತೀನಿ ಅಕ್ಕ."

"ಹೂಂ. ಅಂಗಿ ಸೋಡಾದಲ್ಲಿ ನೆನೆಸು, ಕಲೆ ಹೋಗುತ್ತೆ."

ತಮ್ಮ ಹೋದದ್ದು ಯಜಮಾನರು ಗಡುವು ಕೊಟ್ಟಿದ್ದ ಶನಿವಾರವೇ, ಬೆಳಗಿನ ಬಸ್ಸಿಗೆ. ಗಾಡಿಯ ಕಾವಿಗೆ ಇಬ್ಬನಿ ಪೂರ್ತಿ ಆರಿ, ಬಾನೆಟ್ಟಿನ ಮೇಲೆ ಅವನ ಅಂಗೈಯ ಎಣ್ಣೆಗುರುತು ಐದು ಬೆರಳ ಸಮೇತ ಉಳಿದಿತ್ತು. ಅಕ್ಕ ಸೀಟಿನ ಕೆಳಗಿನಿಂದ ಬಟ್ಟೆ ತೆಗೆದಳು. ಮುಂದಿನ ಗಾಜು ಒರೆಸಿದಳು, ಎರಡೂ ದೀಪ ಒರೆಸಿದಳು, ಬಟ್ಟೆಯನ್ನು ಮಡಿಸಿ ಇದ್ದಲ್ಲೇ ಇಟ್ಟು ಗಾಡಿ ತಿರುಗಿಸಿದಳು.