ತಲೆಗೆ ಹೊಡೆಯಬಾರದ ಗಂಟೆ

ಆ ಬೆಳಿಗ್ಗೆ ಮಳೆ ಬಿಟ್ಟಿತ್ತು, ಮಂಜು ಬಿಟ್ಟಿರಲಿಲ್ಲ. ಗದ್ದೆಗಳಿಂದ ಎದ್ದು ಬಂದು ವಿಹಾರದ ಅಂಗಳದಲ್ಲಿ ಕಾಲು ಚಾಚಿ ಕೂತಿತ್ತು. ಗಂಟೆಯ ಮಂಟಪದಲ್ಲಿ ನಿಂತಿದ್ದ ನನಗೆ ನಾನುಟ್ಟ ಬಿಳಿಬಟ್ಟೆ ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಗುತ್ತದೆಂದು ತಿಳಿಯುವಂತಿರಲಿಲ್ಲ.

ಅಂದು ನೆಲಕ್ಕೆ ಅನ್ನವಿಡುವ ಹಬ್ಬ. ಅಂಟಕ್ಕಿಯ ಅನ್ನ, ಒಂದು ಚೂರು ಮೀನು, ಒಂದು ಸುರುಳಿ ಹೊಗೆಸೊಪ್ಪು ಬಾಳೆಯೆಲೆಯಲ್ಲಿ ಕಟ್ಟಿ, ಸತ್ತವರಿಗೆಂದು ಮರದ ಬುಡದಲ್ಲಿ, ಗೋಡೆಯ ಮಗ್ಗುಲಲ್ಲಿ ಇಟ್ಟು ಬಂದವರೆಲ್ಲ ಸಾಲಾಗಿ ನಿಂತಿದ್ದರು. ನಮ್ಮ ಬಾನ್ ನಾಖಾಮ್ ಊರಿನ ರೂಢಿ ಅದು. ಮನೆಗೊಬ್ಬರು ಬಂದು ಗಂಟೆಗೆ ಮೂರು ಪೆಟ್ಟು ಹಾಕಬೇಕು. ಆ ಸದ್ದು ಹಿಡಿದು ಆ ಮನೆಯ ಸತ್ತವರು ಊಟಕ್ಕೆ ಬರುತ್ತಾರೆ. ನಲವತ್ತಮೂರು ಮನೆ. ಎಲ್ಲಕ್ಕೂ ಮೊದಲ ಪೆಟ್ಟು ನನ್ನದು. ನಾನು ಖಾಮೋನ್, ಈ ವಿಹಾರದ ಸನ್ಯಾಸಿನಿ, ಇಪ್ಪತ್ತೇಳು ವರ್ಷದಿಂದ ದಿನಾ ಬೆಳಿಗ್ಗೆ ಈ ಗಂಟೆ ಹೊಡೆದವಳು.

ಗಂಟೆಯೆಂದರೆ ಬಾಂಬಿನ ಅರ್ಧ. ನಮ್ಮ ಸೀಮೆಯಲ್ಲಿ ಅದೇನೂ ಹೊಸದಲ್ಲ. ಬಾಂಬಿನ ಚಿಪ್ಪಿನಲ್ಲಿ ಈರುಳ್ಳಿ ಬೆಳೆಯುತ್ತೇವೆ, ಕಣಜಕ್ಕೆ ಕಂಬ ನಿಲ್ಲಿಸುತ್ತೇವೆ. ಆ ದೊಡ್ಡ ದೇಶ ಜಿನೀವಾದಲ್ಲಿ ಕೂತು, ಲಾವೋಸಿನ ನೆಲಕ್ಕೆ ನಮ್ಮ ಸೈನ್ಯ ಕಾಲಿಡುವುದಿಲ್ಲ ಎಂದು ಸಹಿ ಹಾಕಿತ್ತಂತೆ. ಕಾಲಿಡುವ ಗೋಜಿಗೆ ಹೋಗಲಿಲ್ಲ, ಮೇಲಿನಿಂದ ಸುರಿಯಿತು. ಒಂಬತ್ತು ವರ್ಷ. ವಿಯೆಟ್ನಾಮಿನ ಮೇಲೆ ಹಾಕಲಾಗದೆ ಉಳಿದದ್ದನ್ನೂ ಹಿಂದಿರುಗುವ ದಾರಿಯಲ್ಲಿ ನಮ್ಮ ಮೇಲೆ ಖಾಲಿ ಮಾಡಿ ಹೋಗುತ್ತಿದ್ದರು. ತಮ್ಮ ಜನಕ್ಕೆ ಮಾತ್ರ, ಅಲ್ಲಿ ಯುದ್ಧವೇ ಇಲ್ಲ ಎನ್ನುತ್ತಿದ್ದರಂತೆ. ಆ ಇಲ್ಲದ ಯುದ್ಧದಲ್ಲಿ ನಾವು ಗುಹೆಯೊಳಗೆ ಮಕ್ಕಳನ್ನು ಹೆತ್ತೆವು, ಗುಹೆಯ ಬಾಯಲ್ಲೇ ಹೂತೆವು.

ವಿಹಾರದ ಹಳೆಯ ಕಂಚಿನ ಗಂಟೆ ಚೂರಾದದ್ದೂ ಆಗಲೇ. ಗುಹೆಯಿಂದ ಹಿಂದಿರುಗಿದ ಮೇಲೆ ಚೂರುಗಳನ್ನು ಆರಿಸಿ ಬುಟ್ಟಿಗೆ ತುಂಬಿ, ಹೊಸದು ಎರಕ ಹೊಯ್ದುಕೊಡು ಎಂದು ಕಮ್ಮಾರ ಫೊಮ್ಮನಿಗೆ ಕೊಟ್ಟಿದ್ದೆವು. ಹೊಳೆ ದಾಟುವಾಗ ಬುಟ್ಟಿ ಕೊಚ್ಚಿಹೋಯಿತು ಎಂದ. ಕೆಲವು ವರ್ಷದ ಮೇಲೆ, ಅದರ ಬದಲಿಗೆ ಇದನ್ನು ತಂದು ತೂಗುಹಾಕಿದ. ಹಂಡೆಯಲ್ಲಿ ಕುದಿಸಿ ಸಿಡಿಮದ್ದೆಲ್ಲ ತೆಗೆದಿದ್ದೇನೆ ಎಂದ. ಕೈಮುಗಿದು ಒಂದೇ ಮಾತು ಕೇಳಿಕೊಂಡ: "ಅವ್ವಾ, ಹೊಟ್ಟೆಗೆ ಹೊಡೀರಿ. ತಲೆಗೆ ಮಾತ್ರ ಬ್ಯಾಡ."

ಅದನ್ನು ಬಿಡಿಸಿ ಹೇಳಬೇಕಿತ್ತೇ? ಮಗುವಿನ ತಲೆಯನ್ನೂ ಮುಟ್ಟದ ಜನ ನಾವು. ಬುದ್ಧನ ಮನೆಯ ಗಂಟೆಯ ತಲೆಗೆ ಯಾರಾದರೂ ಹೊಡೆಯುತ್ತಾರೆಯೇ? ಅವನ ಭಕ್ತಿಗೆ ಊರೇ ತಲೆದೂಗಿತು. ಗಂಟೆಯ ಮೈಮೇಲೆ ಹಳದಿ ಬಣ್ಣದಲ್ಲಿ ಅವನ ಹೆಸರು ಬರೆಸಿದೆವು. ಅವನು ತೀರಿಕೊಂಡು ಮೂರು ವರ್ಷ. ಪ್ರತಿ ಪೆಟ್ಟಿನ ಪುಣ್ಯವೂ ಅವನಿಗೆ ಸಲ್ಲುತ್ತದೆಂದು ನಂಬಿದ್ದೆವು.

ಆ ಬೆಳಿಗ್ಗೆ ನಾನು ಮರದ ಕೊಡತಿ ಎತ್ತಿ ಒಂದು ಪೆಟ್ಟು ಹಾಕಿದೆ. ಧಡ್ ಎಂದಿತು, ಎಂದಿನಂತೆ.

"ನಿಲ್ಸಿ! ಅವ್ವಾ, ನಿಲ್ಸಿ!"

ಮಂಜಿನೊಳಗಿಂದ ಹೆಣ್ಣುಮಗಳೊಬ್ಬಳು ಓಡಿಬಂದಳು. ಬುವಾವಾನ್. ನೆಲದೊಳಗಿನ ಬಾಂಬು ಹುಡುಕಿ ತೆಗೆಯುವ ತಂಡದ ಮುಂದಾಳು. ಹಿಂದಿನ ಸಂಜೆಯಷ್ಟೇ ತನ್ನ ಹುಡುಗಿಯರೊಂದಿಗೆ ಬಂದು ಶಾಲೆಯಲ್ಲಿ ಇಳಿದಿದ್ದಳು. ಕಾಲಲ್ಲಿ ಒಂದೇ ಚಪ್ಪಲಿಯಿತ್ತು.

"ಇದರ ಮದ್ದು ತೆಗೆದದ್ದು ಯಾರು?"

"ನಮ್ಮಪ್ಪ," ಎಂದ ಥೊಂಗ್ಸಿಂಗ್. ಫೊಮ್ಮನ ಮಗ, ಸಾಲಿನ ಮೊದಲಿಗ. "ಯಾಕೆ?"

"ಪೂರ್ತಿ ತೆಗೆದಿದ್ರಾ, ಅಣ್ಣಾ? ಖಾಲಿ ಚಿಪ್ಪು ಹಿಂಗೆ ಕೂಗಲ್ಲ. ಇದು ತುಂಬಿದ ಕೊಡದ ಸದ್ದು."

"ಅದಕ್ಕೆ ನೆಗಡಿ ಕಣೇ ಹುಡುಗಿ," ಎಂದಳು ಸಾಲಿನಲ್ಲಿದ್ದ ಮುದುಕಿ ಪೆಂಗ್. "ಇಪ್ಪತ್ತೇಳು ವರ್ಷದಿಂದ ಮೂಗು ಕಟ್ಟೈತೆ. ನಿನ್ ಹತ್ರ ಮಾತ್ರೆ ಇದ್ರೆ ಕೊಡು."

ಸಾಲು ನಕ್ಕಿತು. ಬುವಾವಾನ್ ನಗಲಿಲ್ಲ. ಮಂಡಿಯೂರಿ, ಗಂಟೆಯ ಬಾಯೊಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದಳು. ಎದ್ದಾಗ ದನಿ ಇಳಿದಿತ್ತು.

"ಒಳಗೆ ಗಾರೆ ಮೆತ್ತಿದಾರೆ. ಗಾರೆ ಬಿರುಕು ಬಿಟ್ಟಿದೆ. ಅದರ ಹಿಂದೆ ಮದ್ದಿದೆ, ಮೇಲೆ ಮೂತೀಲಿ ಸಿಡಿಸೋ ಕೀಲೂ ಹಂಗೇ ಇದೆ. ಎಲ್ರೂ ಮೆಲ್ಲಗೆ ಹಿಂದಕ್ಕೆ ಹೋಗಿ."

ಯಾರೂ ಅಲುಗಲಿಲ್ಲ. ಥೊಂಗ್ಸಿಂಗನ ಮುಖ ಕೆಂಪಗಾಗಿತ್ತು.

"ನೋಡಮ್ಮಾ, ಇವತ್ತು ನಮ್ಮಪ್ಪ ಉಣ್ಣಕ್ಕೆ ಬರೋ ದಿನ. ಇವತ್ತೇ ಬಂದು, ಅವನು ಕೊಟ್ಟ ದಾನ ಬಾಂಬು ಅಂತೀಯಾ? ಹಂಗಾದ್ರೆ ಅವನಿಗೆ ಅಲ್ಲಿ ಏನುಳೀತು, ಹೇಳು? ಇಷ್ಟು ವರ್ಷ ಅವ್ವ ಹೊಡೆದ್ರಲ್ಲ, ಏನಾಯ್ತು?" ನನ್ನ ಕೈಯಿಂದ ಕೊಡತಿ ಕಿತ್ತುಕೊಂಡ. "ನಾನು ತಲೆಗೇ ಹೊಡೀತೀನಿ. ಖಾಲಿನೋ ತುಂಬಿದ್ದೋ ಗೊತ್ತಾಗ್ಲಿ."

ಕೊಡತಿ ಮೇಲೆದ್ದಿತು. ಬುವಾವಾನ್ ಅವನ ತೋಳಿಗೆ ಕೈಹಾಕಲು ಹೋಗಿ ತಡೆದುಕೊಂಡಳು. ಎಳೆದಾಡಿದರೆ ಪೆಟ್ಟು ಎಲ್ಲಿ ಬೀಳುವುದೋ. ನಾನು ಮುಂದೆ ಸರಿದು ಗಂಟೆಯ ತಲೆಗೆ ನನ್ನ ಎರಡೂ ಅಂಗೈ ಹೊದಿಸಿದೆ. ಕಬ್ಬಿಣ ಮಂಜಿನಿಂದ ಒದ್ದೆಯಾಗಿ ತಣ್ಣಗಿತ್ತು. ತ್ರಿಶರಣ ಹೇಳಿಕೊಳ್ಳಲು ಬಾಯಿ ತೆರೆದರೆ ಮೊದಲ ಸಾಲೇ ನೆನಪಾಗಲಿಲ್ಲ.

"ಹೊಡಿ ಮಗಾ. ಆದ್ರೆ ಒಂದು ಹೇಳು. ನಿಮ್ಮಪ್ಪ ಇರೋ ತನಕ ನಿನ್ ಕೈಗೆ ಈ ಕೊಡತಿ ಕೊಟ್ಟಿದ್ನಾ?"

"ಇಲ್ಲ. ನಮ್ಮನೆ ಪೆಟ್ಟು ಅವನೇ ಹಾಕ್ತಿದ್ದ."

"ಹೆಂಗೆ ಹಾಕ್ತಿದ್ದ?"

ಅವನು ಎಡಗೈ ಎತ್ತಿ, ಮಡಿಸಿದ ಬೆರಳಿನ ಗೆಣ್ಣಿನಿಂದ ಗಾಳಿಯಲ್ಲಿ ಮೂರು ಸಲ ತಟ್ಟಿ ತೋರಿಸಿದ. ಮಲಗಿರುವವರ ಬಾಗಿಲು ತಟ್ಟುವ ಹಾಗೆ. ಮೂರನೆಯದಕ್ಕೆ ಅವನ ಕೈ ಗಾಳಿಯಲ್ಲೇ ನಿಂತಿತು.

"ತಲೆಗೆ ಮಾತ್ರ ಬ್ಯಾಡ ಅಂದಿದ್ದ," ಎಂದೆ. "ನಾವು ಅದನ್ನ ಮರ್ಯಾದೆ ಅಂದ್ಕೊಂಡ್ವಿ."

ಕೊಡತಿಯನ್ನು ಅವನು ಎಸೆಯಲಿಲ್ಲ. ಬಗ್ಗಿ, ನೆಲಕ್ಕೆ ತಾಗಿದ ಸದ್ದೂ ಆಗದಂತೆ ಇಟ್ಟ.

ಮುಂದಿನದನ್ನು ಬುವಾವಾನ್ ಬೇಗ ಬೇಗ ಹೇಳಿದಳು. ಅಲ್ಲೇ ಸಿಡಿಸಿದರೆ ವಿಹಾರ ಹೋಗುತ್ತದೆ. ಅಲುಗಿಸದೆ ಇಳಿಸಿದರೆ ದೂರದ ಗುಂಡಿಗೆ ಒಯ್ಯಬಹುದು. ಆದರೆ ಸರಪಳಿ ತುಕ್ಕು ಹಿಡಿದು ಒಂದೇ ಗಂಟಾಗಿದೆ, ಗರಗಸ ತಾಗಿಸುವಂತಿಲ್ಲ.

"ಅದನ್ನ ಕಟ್ಟೋವಾಗ ಹಿಡಕೊಂಡಿದ್ದೋನು ನಾನು," ಎಂದ ಥೊಂಗ್ಸಿಂಗ್. "ಕೊಂಡಿ ಎಲ್ಲೈತೆ ಅಂತ ಕಣ್ಮುಚ್ಚಿ ಹೇಳ್ತೀನಿ."

"ಹೇಳಿ ಸಾಕು. ನೀವು ಇರೋ ಹಂಗಿಲ್ಲ."

"ಹೇಳಿದ್ರೆ ಆಗಲ್ಲ ತಂಗೀ. ಕೈಗೆ ಗೊತ್ತಿರೋದು, ಬಾಯಿಗೆ ಬರಲ್ಲ."

ಅವಳು ಅವನನ್ನು ಅಳೆಯುವಂತೆ ನೋಡಿದಳು. "ನಾ ಹೇಳಿದ್ದಷ್ಟೇ ಮಾಡ್ಬೇಕು. ಉಸಿರು ಬಿಡು ಅಂದಾಗ ಉಸಿರು."

ನಾವೆಲ್ಲ ಮೂರು ಗದ್ದೆಯಾಚೆಯ ಏರಿಯ ಹಿಂದೆ ಕೂತೆವು. ಕಣ್ಣಿಗೆ ಏನೂ ಕಾಣದು, ಕಿವಿ ಮಾತ್ರ. ಸರಪಳಿಯ ಒಂದು ಕೊಂಡಿ ಕಿರುಗುಟ್ಟಿತು. ನಿಂತಿತು. ಇನ್ನೊಂದು. ಪೆಂಗ್ ನನ್ನ ಮಣಿಕಟ್ಟನ್ನು ಹಿಡಿದದ್ದು ಬಿಡಲೇ ಇಲ್ಲ. "ನೆಗಡಿ ಅಂದೆನಲ್ಲೇ, ಪಾಪಿ ನಾನು," ಎಂದಳು.

ಆಗ ಬೇರೆಯೇ ಒಂದು ಸದ್ದು ಬಂತು. ಟಣ್. ಟಣ್. ಥೊಂಗ್ಸಿಂಗನ ಹಿರಿಯ ಎಮ್ಮೆಯ ಕೊರಳ ಗಂಟೆ. ಎಲೆಯೊಳಗಿನ ಅನ್ನದ ವಾಸನೆ ಹಿಡಿದು ಎಮ್ಮೆ ವಿಹಾರದ ಕಡೆಗೇ ನಡೆದಿತ್ತು. ಒಂದು ಸಲ ಮೈ ಉಜ್ಜಿದರೆ ಮಂಟಪದ ಕಂಬವೇ ಅಲುಗುತ್ತಿತ್ತು. ಎದ್ದು ಓಡಿ ತಡೆಯುವಂತಿಲ್ಲ, ಕೂಗುವಂತಿಲ್ಲ. ಟಣ್. ಹತ್ತಿರ. ಟಣ್. ಇನ್ನೂ ಹತ್ತಿರ.

ಅಷ್ಟು ಮೌನದಲ್ಲಿ ಆ ಸದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ಬೆನ್ನು ನೆಟ್ಟಗಾಯಿತು. ಹುಡುಗಿಯಾಗಿದ್ದಾಗ, ಯುದ್ಧಕ್ಕೂ ಮೊದಲು, ಬೆಳಗಿನ ಜಾವ ನನ್ನನ್ನು ಎಬ್ಬಿಸುತ್ತಿದ್ದ ವಿಹಾರದ ಕಂಚಿನ ದನಿ ಅದು. ಗಾತ್ರ ಚಿಕ್ಕದಾಗಿತ್ತು, ದನಿ ಅದೇ.

"ಹೋ... ಹೋ..." ಥೊಂಗ್ಸಿಂಗ್ ಕರೆದದ್ದು ಕೇಳಿಸಿತು. ಜೋಗುಳ ಹಾಡುವಷ್ಟು ಮೆತ್ತಗೆ, ಒಂದಿಷ್ಟೂ ಅವಸರವಿಲ್ಲದೆ. ಕೈಯಲ್ಲಿ ಸಾವನ್ನು ಹಿಡಿದವನ ದನಿ ಅದೆಂದು ಎಮ್ಮೆಗೆ ತಿಳಿಯಬಾರದಿತ್ತು, ತಿಳಿಯಲೂ ಇಲ್ಲ. ಗಂಟೆ ನಿಂತಿತು. ಮೂಸಿ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಟಣ್ ಟಣ್ ಎಂದು ಹೊಳೆಯ ಕಡೆಗೆ ತಿರುಗಿತು.

ಕೊನೆಯ ಕೊಂಡಿ ಕಳಚಿದ್ದನ್ನು ನಾವು ಕೇಳಲೇ ಇಲ್ಲ.

ನಡುಹಗಲು ಮಂಜು ಹರಿದಾಗ, ಬೋಳುಗುಡ್ಡದ ಗುಂಡಿಯಲ್ಲಿ ಅದು ಸಿಡಿಯಿತು. ನೆಲ ನಡುಗಿತು, ವಿಹಾರದ ಸೂರಿನಿಂದ ಒಂದಷ್ಟು ಧೂಳು ಉದುರಿತು, ಅಷ್ಟೇ. ಬುವಾವಾನ್ ಚಿಪ್ಪಿನ ಮೇಲಿನ ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದಳು. "ಅರವತ್ತೊಂಬತ್ತನೇ ಇಸವಿದು, ಅವ್ವಾ," ಎಂದಳು. ಅಲ್ಲಿ ಯುದ್ಧವೇ ಇಲ್ಲ ಎನ್ನುತ್ತಿದ್ದ ವರ್ಷಗಳಲ್ಲೊಂದು. ನಮ್ಮ ರೂಢಿಯಂತೆ ಅವಳ ಮಣಿಕಟ್ಟಿಗೆ ಬಿಳಿದಾರ ಕಟ್ಟಿ, ಹೆದರಿ ಹೋದ ಪ್ರಾಣಗಳೆಲ್ಲ ಮೈಗೆ ಮರಳಿ ಬನ್ನಿ ಎಂದು ಕರೆದೆ.

ಸಂಜೆ ಥೊಂಗ್ಸಿಂಗ್ ಬಂದ. ಹೆಗಲಿನ ಚೌಕಳಿ ಬಟ್ಟೆಯಲ್ಲಿ ಏನನ್ನೋ ಸುತ್ತಿ ಎದೆಗವಚಿಕೊಂಡಿದ್ದ. ಮಂಡಿಯೂರಿ ಕೂತ, ತಲೆ ಎತ್ತಲಿಲ್ಲ.

"ಬುಟ್ಟಿ ಹೊಳೆಗೆ ಬಿದ್ದಿರ್ಲಿಲ್ಲ, ಅವ್ವಾ."

"ಗೊತ್ತಾಯ್ತು. ಬೆಳಿಗ್ಗೆ ಕೇಳಿಸ್ತು."

"ಗುಹೆಯಿಂದ ಬಂದಾಗ ಎಲ್ಲಿ ಕಾಲಿಟ್ರೂ ಸಿಡೀತಿತ್ತಲ್ಲ. ಎಮ್ಮೆ ತುಳಿದ ಕಡೆ ಮಾತ್ರ ನಡೀತಿದ್ವಿ. ಮಂಜಲ್ಲಿ ಎಮ್ಮೆ ಕಾಣ್ತಿರ್ಲಿಲ್ಲ. ಅದಕ್ಕೆ ಆ ಕಂಚಲ್ಲಿ ಅದರ ಕೊರಳಿಗೆ ಗಂಟೆ ಹೊಯ್ದ. ಆಮೇಲೆ ಊರಿಗೆ ಹೇಳಕ್ಕೆ ಅವನಿಗೆ ಬಾಯಿ ಬರ್ಲಿಲ್ಲ. ಬದಲಿಗೆ ಅಂತ ಬಾಂಬಿನ ಗಂಟೆ ಮಾಡಕ್ಕೆ ಹೋದ. ಅರ್ಧಕ್ಕೆ ಮದ್ದು ಇಳಿಯೋದು ನಿಂತಿರ್ಬೇಕು, ಹೆದರಿ ಗಾರೆ ಮೆತ್ತಿರ್ಬೇಕು. ಕಂಚಿನ ಕತೆ ಸಾಯೋವಾಗ ಹೇಳಿದ್ದ. ಮದ್ದಿನ ಕತೆ ಹೇಳ್ಲಿಲ್ಲ."

ಅಂದಿನ ಆ ಎಮ್ಮೆಯ ಹಿಂದೆ ನಾನೂ ನಡೆದಿದ್ದೆ, ಕಂಕುಳಲ್ಲಿ ತಂಗಿಯ ಮಗುವನ್ನು ಎತ್ತಿಕೊಂಡು, ಗೊರಸಿನ ಗುರುತಿಗೆ ಕಾಲಿಡುತ್ತಾ. ಆ ಪುಣ್ಯ ಯಾರ ಲೆಕ್ಕಕ್ಕೋ ನನಗೆ ತಿಳಿಯದು. ಅಂಗಳದಲ್ಲಿ ಅವರಪ್ಪನಿಗೆಂದು ಇಟ್ಟ ಎಲೆ ಹಾಗೇ ಇತ್ತು, ಬಿಚ್ಚದೆ.

ಅವನು ಬಟ್ಟೆ ಬಿಡಿಸಿದ. ಸದ್ದಾಗದಂತೆ ಕಂಚಿನ ನಾಲಿಗೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಎಮ್ಮೆಯ ಗಂಟೆಯನ್ನು ನನ್ನ ಮುಂದಿನ ಚಾಪೆಯ ಮೇಲೆ ಇಟ್ಟ.