ಮಗುಚಿ ಹಾಸಿದ ಓಣಿ

ಟೇಲರಮ್ಮನ ನಾಲಿಗೆಗೆ ಹೆದರದವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ಬಾಗಿಲ ಮುಂದೆ ಕಸ ಚೆಲ್ಲಿದವರಿಂದ ಹಿಡಿದು ಹಳೆಯ ಕಲ್ಲುಗೋಡೆಗೆ ಮೊಳೆ ಹೊಡೆದವರ ತನಕ ಎಲ್ಲರೂ ಒಮ್ಮೆಯಾದರೂ ಅವಳ ಬಾಯಿಗೆ ಬಿದ್ದವರೇ. ಹಾಗಾಗಿ ಓಣಿ ಉಳಿಸುವ ಸಂಘ ಅಂತೊಂದು ಹುಟ್ಟಿದಾಗ ಕಾರ್ಯದರ್ಶಿ ಯಾರಾಗಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿ ನಿವೃತ್ತ ಮೇಷ್ಟ್ರನ್ನು ಕೂರಿಸಿದರು. ಅವರು ಕೂತರು, ಇವಳು ಓಡಾಡಿದಳು.

ಅವಳು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದದ್ದು ಒಬ್ಬನ ಮಾತನ್ನು ಮಾತ್ರ, ಅವಳ ಅಣ್ಣನದು. ಅಣ್ಣ ಕುರ್ಚಿಗಳಿಗೆ ಬೆತ್ತ ಹೆಣೆಯುವವನು. ನಡುವಯಸ್ಸಿನಲ್ಲಿ ಎರಡು ಕಣ್ಣೂ ಒಂದಾದ ಮೇಲೊಂದು ಆರಿಹೋದವು. ಕೈಗೆ ಕೆಲಸ ಗೊತ್ತಿತ್ತು, ಕಾಲಿಗೆ ಓಣಿ ಗೊತ್ತಿತ್ತು, ಬದುಕು ನಿಲ್ಲಲಿಲ್ಲ. ಓಣಿಯ ಆ ತುದಿಗೆ ಅವನ ಅಂಗಡಿ, ಈ ತುದಿಗೆ ಅಣ್ಣ ತಂಗಿಯ ಮನೆ. ನಡುವೆ ಹಾಸಿದ್ದ ಚಪ್ಪಡಿಗಳು ಎಷ್ಟೋ ತಲೆಮಾರಿನ ಕಾಲಿಗೆ ಸಿಕ್ಕಿ ಸವೆದಿದ್ದವು. ಹಾಲಿನವನ ಮನೆ ಮುಂದಿನದು ನಡುವೆ ತಟ್ಟೆಯಂತೆ ಕುಳಿಬಿದ್ದಿತ್ತು, ನಲ್ಲಿಯ ಹತ್ತಿರದ್ದಕ್ಕೆ ಒಂದು ಮೂಲೆಯೇ ಇರಲಿಲ್ಲ, ಇವರ ಹೊಸಿಲ ಮುಂದಿನದು ಕಾಲಿಟ್ಟರೆ ಕಟಕ್ ಎನ್ನುತ್ತಿತ್ತು. ಕಣ್ಣಿದ್ದವರು ಅದನ್ನು ಹಾಳು ಬೀದಿ ಎನ್ನುತ್ತಿದ್ದರು. ಅಣ್ಣ ಮಾತ್ರ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಅದರ ಮೇಲೆ ಸರಸರ ನಡೆದುಬಿಡುತ್ತಿದ್ದ. "ಕೋಲು ಕೆಳಗಿಟ್ರೆ ನಾನು ಕುರುಡ ಅಂತ ಜನಕ್ಕೆ ಗೊತ್ತಾಗ್ಬಿಡುತ್ತೆ" ಎಂದು ನಗುತ್ತಿದ್ದ.

ಹೊಸಿಲ ಮುಂದಿನ ಆ ಕಲ್ಲು ಒಬ್ಬೊಬ್ಬರ ಕಾಲಿಗೆ ಒಂದೊಂದು ಥರ ಸದ್ದು ಮಾಡುತ್ತಿತ್ತು. ಟೇಲರಮ್ಮ ಬಟ್ಟೆಯ ಗಂಟು ಹೊತ್ತು ಬಂದರೆ ಅವಳು ಬಾಗಿಲು ಮುಟ್ಟುವ ಮೊದಲೇ ಒಳಗಿನಿಂದ ಕೂಗು ಬರುತ್ತಿತ್ತು.

"ಬಂದ್ಯಾ ಪುಟ್ಟಿ? ಬಾ, ಬಾಗಿಲು ತೆಗ್ದೇ ಇದೆ."

ತಲೆ ನರೆತ ಆ ಗಟ್ಟಿಗಿತ್ತಿ ದಿನಕ್ಕೊಮ್ಮೆ ಪುಟ್ಟಿಯಾಗುತ್ತಿದ್ದದ್ದು ಅಲ್ಲಿ, ಆ ಕಲ್ಲಿನ ಮೇಲೆ.

ಒಂದು ಸಂಜೆ ಅಣ್ಣ ಗಲ್ಲ ಒಡೆದುಕೊಂಡು ಬಂದ. ಅಂಗಿಯ ಎದೆಯೆಲ್ಲ ರಕ್ತ.

"ಏನಾಯ್ತಣ್ಣ?"

"ಏನಿಲ್ಲ ಬಿಡೆ. ಕಲ್ಲು ಎಡವಿದೆ."

ಅಷ್ಟು ಸಾಕಾಯಿತು. ಅವಳ ಸಿಟ್ಟೆಲ್ಲ ಕಲ್ಲಿನ ಮೇಲೆ ತಿರುಗಿತು. ಮರುವಾರವೇ ಸಂಘದ ಸಭೆ ಕರೆದು, ಓಣಿಯನ್ನು ಸಮ ಮಾಡದೆ ತಾನು ಸೂಜಿ ಹಿಡಿಯುವುದಿಲ್ಲ ಎಂದು ಹಟ ಹಿಡಿದಳು. ಡಾಂಬರು ಬೇಡ, ಹಳೆಯ ಓಣಿ ಹಳೆಯದಾಗಿಯೇ ಉಳಿಯಬೇಕು ಎಂದರು ಮೇಷ್ಟ್ರು. ಗಾರೆ ಮೇಸ್ತ್ರಿ ಉಪಾಯ ಹೇಳಿದ. ಹೊಸ ಕಲ್ಲು ಯಾಕೆ? ಇದ್ದ ಕಲ್ಲನ್ನೇ ಎಬ್ಬಿಸಿ ಮಗುಚಿ ಹಾಕಿದರಾಯಿತು, ಅಡಿಯ ಮುಖ ಸವೆದಿರುವುದಿಲ್ಲ, ಉಳಿಯಿಂದ ಹದ ಮಾಡಿದರೆ ಕನ್ನಡಿಯ ಹಾಗೆ ಕೂರುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುತ್ತಾರಲ್ಲ, ಹಾಗೆ ಮನೆಮನೆಯವರೂ ಹಾರೆ ಹಿಡಿದು ಇಳಿದರು.

ಅಣ್ಣನಿಗೆ ಹರ್ನಿಯಾ ಆಪರೇಷನ್ ಆದದ್ದು ಆ ಹೊತ್ತಿಗೇ. ಸುಧಾರಿಸಿಕೊಳ್ಳಲಿ ಎಂದು ಅವನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಳು. "ಅಣ್ಣಂಗೆ ಯಾರಾದ್ರೂ ಬಾಯಿಬಿಟ್ರೆ ನೋಡಿ" ಎಂದು ಓಣಿಗೆಲ್ಲ ತಾಕೀತು ಮಾಡಿದಳು. ಎಡವದೆ ನಡೆದು ಬಂದಾಗ ಅವನ ಮುಖ ಹೇಗಾಗಬಹುದು ಎಂದು ನೆನೆದು ನೆನೆದು, ಕಲ್ಲು ಹೊತ್ತ ಕೈಯ ಬೊಬ್ಬೆಯನ್ನೂ ಮರೆತಳು. ಅಷ್ಟು ಖುಷಿ ಅವಳಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಅಣ್ಣ ಬಂದ ದಿನ ಜನರೆಲ್ಲ ಬಾಗಿಲಲ್ಲಿ ನಿಂತಿದ್ದರು. ಅವನು ಗಾಡಿಯಿಂದಿಳಿದು, ತಂಗಿಯ ಕೈ ಬಿಡಿಸಿಕೊಂಡು ಎಂದಿನಂತೆ ಸರಸರ ಹೊರಟ. ಸ್ವಲ್ಪ ದೂರಕ್ಕೆ ನಡಿಗೆ ನಿಧಾನವಾಯಿತು. ಆಮೇಲೆ ನಿಂತೇಬಿಟ್ಟ. ಕಂಕುಳಲ್ಲಿದ್ದ ಕೋಲು ಕೆಳಗಿಳಿಯಿತು.

"ಪುಟ್ಟಿ, ಇದು ಯಾವ ಬೀದಿ?"

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಮೇಸ್ತ್ರಿ ಮುಂದೆ ಬಂದು, "ನಿನ್ನ ಓಣಿನೇ ಅಣ್ಣ. ಕಲ್ಲೂ ಅವೇ, ಒಂದೂ ಹೊಸದಲ್ಲ. ಮಗುಚಿ ಹಾಕಿದ್ದೀವಿ ಅಷ್ಟೆ" ಎಂದ.

"ಕಲ್ಲು ಅವೇ ಸರಿ," ಎಂದ ಅಣ್ಣ. "ಎಲ್ಲವನ್ನೂ ಬೋರಲು ಮಲಗಿಸಿಬಿಟ್ಟಿದ್ದೀರಲ್ಲಪ್ಪ."

ಟೇಲರಮ್ಮ ಓಡಿಬಂದು ಅವನ ಕೈ ಹಿಡಿದುಕೊಂಡಳು.

ಅವನೇನೂ ಕೂಡಲೇ ಸೋಲಲಿಲ್ಲ. ಮರುದಿನ ಬೆಳಿಗ್ಗೆ ಒಬ್ಬನೇ ಅಂಗಡಿಗೆ ಹೊರಟ, ಗೋಡೆ ಸವರಿಕೊಂಡು ಹೇಗೋ ತಲುಪಿದ. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟು, ಮಂಚದ ಮೇಲೆ ಕೂತು, "ಪುಟ್ಟಿ, ಒಂದು ಲೋಟ ನೀರು ಕೊಡೆ" ಎಂದ. ಅದು ಹಾಲಿನವನ ಮನೆ. ಹಾಲಿನವನ ಹೆಂಡತಿ ಪಾಪ, ಮಾತಾಡದೆ ನೀರು ತಂದುಕೊಟ್ಟಳು. ಲೋಟ ಕೈಗೆ ಬಂದ ಮೇಲೆ, ಆ ಬಳೆಯ ಸದ್ದಿನಿಂದ ಅವನಿಗೆ ಗೊತ್ತಾಯಿತು. ಕುಡಿಯದೆ ಲೋಟ ಕೆಳಗಿಟ್ಟ.

ಅವನನ್ನು ಮನೆಗೆ ಬಿಡಲು ಬಂದ ಹಾಲಿನವನು ಹೋಗದೆ ಬಾಗಿಲಲ್ಲೇ ನಿಂತ.

"ಅಕ್ಕ, ಬೈದ್ರೆ ಬೈಸ್ಕೋತೀನಿ. ಅವತ್ತು ಅಣ್ಣ ಎಡವಿದ್ದು ಕಲ್ಲಿಗಲ್ಲ. ನನ್ನ ಸ್ಕೂಟರ್‌ಗೆ. ದಾರೀಲಿ ಅಡ್ಡ ನಿಲ್ಸಿದ್ದೆ. ಹೇಳ್ಬೇಡ, ನನ್ನ ತಂಗಿ ನಿನ್ನ ಸಿಗಿದು ತೋರಣ ಕಟ್ತಾಳೆ ಅಂತ ಅಣ್ಣನೇ ನನ್ನ ಬಾಯಿ ಕಟ್ಟಿದ್ರು."

ಅವಳು ಬೈಯಲಿಲ್ಲ. ಯಾರನ್ನೆಂದು ಬೈದಾಳು? ತನ್ನ ನಾಲಿಗೆಗೆ ಹೆದರಿ ಅಣ್ಣ ಒಂದು ಸುಳ್ಳು ಹೇಳಿದ, ಆ ಸುಳ್ಳನ್ನು ನಂಬಿ ತಾನು ಅವನ ದಾರಿಯನ್ನೇ ಕಿತ್ತುಹಾಕಿದ್ದಳು. ಒಂದು ಮಾತು ಅವನನ್ನು ಕೇಳಿದ್ದರೆ ಆಗುತ್ತಿತ್ತು. ಓಣಿಯ ಮೂಲೆ ಮೂಲೆಯನ್ನೂ ಸಂಘದಲ್ಲಿ ಚರ್ಚಿಸಿದ್ದರು. ಅದರ ಮೇಲೆ ಕಣ್ಣಿಲ್ಲದೆ ನಡೆಯುವವನನ್ನು ಕೇಳಬೇಕೆಂದು ಕಣ್ಣಿದ್ದವರೊಬ್ಬರಿಗೂ ಹೊಳೆದಿರಲಿಲ್ಲ.

ಬೆಳಗಾಗುತ್ತಲೇ ಮೇಷ್ಟ್ರ ಮನೆಗೆ ಹೋಗಿ, ಕಲ್ಲುಗಳನ್ನು ಮೊದಲಿನಂತೆ ತಿರುಗಿಸಿ ಹಾಕಬೇಕು ಎಂದಳು. "ಓಣಿ ಸಮ ಆದ್ಮೇಲೆ ಒಂದು ಕಲ್ಲನ್ನೂ ಯಾರೂ ಮುಟ್ಟಕೂಡದು ಅಂತ ಎಲ್ಲರ ಹತ್ರ ಮಾತು ತಗೊಂಡೋಳು ನೀನೇ ಅಲ್ವೇನಮ್ಮ?" ಎಂದರು ಅವರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅಳುವುದನ್ನು ಅವರು ಕಂಡಿದ್ದು ಅದೇ ಮೊದಲು. ಗಾಬರಿಯಾಗಿ, "ನಿಮ್ಮ ಹೊಸಿಲ ಮುಂದಿಂದು ಒಂದು ತಿರುಗಿಸ್ಕೋ ಹೋಗು" ಎಂದರು.

ಮೇಸ್ತ್ರಿ ಹಾರೆ ಹಾಕಿ ಕಲ್ಲನ್ನು ಎಬ್ಬಿಸಿದ. ಹಳೆಯ ಮುಖಕ್ಕೆ ಮೆತ್ತಿದ್ದ ಗಾರೆಯನ್ನು ಕೆರೆದು, ಮೇಲೆ ಮಾಡಿ ಕೂರಿಸಿದ. ಟೇಲರಮ್ಮ ಅಣ್ಣನನ್ನು ಕರೆತಂದಳು. ಅವನು ಬರಿಗಾಲನ್ನು ಅದರ ಮೇಲಿಟ್ಟು, ಹಿಮ್ಮಡಿಯಿಂದ ಬೆರಳ ತನಕ ಮೆಲ್ಲಗೆ ಒತ್ತಿದ.

"ಇದು ನಮ್ಮದಲ್ಲ," ಎಂದ. "ಹಾಲಿನವನ ಮನೆದು. ನಡುವೆ ಕುಳಿ ಇದೆ ನೋಡು."

ಮೇಸ್ತ್ರಿ ತಲೆ ಕೆರೆದುಕೊಂಡ. "ಕಿತ್ತಾಗ ಎಲ್ಲ ಒಟ್ಟಿಗೆ ರಾಶಿ ಹಾಕಿದ್ವಿ. ಯಾವುದು ಎಲ್ಲಿ ಹೊಂದುತ್ತೋ ಅಲ್ಲಿ ಕೂರಿಸಿದ್ವಿ. ಗುರುತು ಹಾಕಿ ಅಂತ ಯಾರೂ ಅನ್ನಲಿಲ್ಲ..."

"ನಮ್ಮದು ಎಲ್ಲಿದೆಯೋ ಹುಡುಕಪ್ಪ, ಎಲ್ಲಾ ಎಬ್ಬಿಸಿ ನೋಡೋಣ," ಎಂದಳು ಅವಳು. ತಾನು ಹೇಳುತ್ತಿರುವುದು ಆಗುವ ಮಾತಲ್ಲ ಎಂದು ಅವಳಿಗೇ ಗೊತ್ತಿತ್ತು.

"ಬೇಡ," ಎಂದ ಅಣ್ಣ. "ಇದನ್ನೂ ತಿರುಗಿಸಿ ಹಾಕ್ಬಿಡು ಮೇಸ್ತ್ರಿ. ಕುಳಿ ಇದೆ, ಯಾರಾದ್ರೂ ಎಡವಿ ಬಿದ್ದಾರು."

ಒಳಗೆ ಬಂದ ಮೇಲೆ ಅವಳು, "ದಿನಾ ನಾನೇ ಕೈ ಹಿಡಿದು ಅಂಗಡಿಗೆ ಬಿಡ್ತೀನಿ ಅಣ್ಣ" ಎಂದಳು.

"ಬೆತ್ತ ಮನೆಗೇ ತಂದ್ಬಿಡು. ಅಂಗಡಿ ಇನ್ಯಾಕೆ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಓಣಿ ನೋಡಲು ದೂರದೂರದಿಂದ ಜನ ಬರುತ್ತಾರೆ. ಕತ್ತೆತ್ತಿ ಗೋಡೆ, ಕಿಟಕಿಗಳ ಫೋಟೋ ಹಿಡಿಯುತ್ತಾರೆ. ಕೆಳಗೆ ನೋಡುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಅಣ್ಣ ಬಾಗಿಲ ಹಿಂದೆ ಕೂತು ಹೆಣೆಯುತ್ತಾನೆ. ಮೊದಲೆಲ್ಲ ಹೊರಗೆ ಹೋಗುವವರ ಹೆಸರು ಹಿಡಿದು ಮಾತಾಡಿಸುತ್ತಿದ್ದವನು ಈಗ "ಯಾರೋ ಹೋದ್ರು" ಎಂದಷ್ಟೇ ಅಂದುಕೊಳ್ಳುತ್ತಾನೆ.

ಅಂಗಡಿ ಖಾಲಿ ಮಾಡಿದ ದಿನ ಟೇಲರಮ್ಮ ಕೊನೆಯ ಬೆತ್ತದ ಕಟ್ಟನ್ನು ಹೆಗಲ ಮೇಲೆ ಹೊತ್ತು ಬಂದಳು. ಹೊಸಿಲ ಮುಂದಿನ ಕಲ್ಲಿನ ಮೇಲೆ ನಿಂತಳು. ಅದು ಸದ್ದು ಮಾಡಲಿಲ್ಲ. ಬೇಕೆಂದೇ ಕಾಲೆತ್ತಿ ಇನ್ನೊಮ್ಮೆ ಇಟ್ಟಳು, ಸ್ವಲ್ಪ ಜೋರಾಗಿಯೇ.

ಒಳಗೆ ಹೆಣಿಗೆಯ ಸದ್ದು ನಿಂತಿತು.

"ಯಾರದು?" ಎಂದ ಅಣ್ಣ, ಪರವೂರಿನವರನ್ನು ಕೇಳುವ ದನಿಯಲ್ಲಿ. "ಯಾರು ಬೇಕಾಗಿತ್ತು?"

"ನಾನಣ್ಣ, ಪುಟ್ಟಿ" ಎಂದಳು ಇಡೀ ಓಣಿಯನ್ನು ನಡುಗಿಸಿದ ಟೇಲರಮ್ಮ, ಮೆಲ್ಲಗೆ.